ಬರ್ಮಾ ಯುದ್ಧದ ಅಧಿಕಾರಿಯ ಪದಕ, ಕಾಗದಪತ್ರಗಳು: ಗುರುತಿಸುವುದು, ಉಳಿಸುವುದು ಹೇಗೆ?

ಹಾರಂಗಿ_ಹೊಳೆ (ಪ್ರಶ್ನೆ)

ನಮಸ್ಕಾರ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದ ಅಜ್ಜನ ತಗಡಿನ ಟ್ರಂಕನ್ನು ಮಡಿಕೇರಿಯ ಮನೆಯ ಅಟ್ಟದಿಂದ ಇಳಿಸಿದ್ದೇವೆ. ಒಳಗಿರುವುದು ಇಷ್ಟು:

ಬೆಳ್ಳಿಯ ಶಿಲುಬೆಯಾಕಾರದ ಪದಕ ಒಂದು, ಹಿಂದೆ 1945 ಎಂದು ಮಾತ್ರ ಕೊರೆದಿದೆ. ಆರು ಮೂಲೆಯ ಹಳದಿ ಲೋಹದ ನಕ್ಷತ್ರ ಎರಡು, ಒಂದರ ಮೇಲೆ 1939–45, ಇನ್ನೊಂದರ ಮೇಲೆ ಬರ್ಮಾ ಎಂದಿದೆ. ದುಂಡನೆಯ ಪದಕ ನಾಲ್ಕು: ಡಿಫೆನ್ಸ್ ಮೆಡಲ್, ವಾರ್ ಮೆಡಲ್ (ಅದರ ರಿಬ್ಬನ್ನಿನ ಮೇಲೆ ಕಂಚಿನ ಪುಟ್ಟ ಎಲೆ), ಹಿಂದೆ ಭಾರತದ ನಕ್ಷೆಯಿರುವ ಇಂಡಿಯಾ ಸರ್ವಿಸ್ ಮೆಡಲ್, ಕೇಸರಿ-ಬಿಳಿ-ಹಸಿರು ರಿಬ್ಬನ್ನಿನ 1947ರ ಸ್ವಾತಂತ್ರ್ಯ ಪದಕ. ಇಷ್ಟರಲ್ಲಿ ಹೆಸರಿರುವುದು ಸ್ವಾತಂತ್ರ್ಯ ಪದಕದ ಅಂಚಿನಲ್ಲಿ ಮಾತ್ರ, ಅಲ್ಲಿ ಕುಮಾಊಂ ರೆಜಿಮೆಂಟ್ ಎಂದಿದೆ. ಆದರೆ ಕಾಗದಗಳಲ್ಲೆಲ್ಲ 8/19 ಹೈದರಾಬಾದ್. ಸಂಖ್ಯೆಯೂ ಬೇರೆ: ಕಾಗದದಲ್ಲಿ ಐ.ಇ.ಸಿ., ಪದಕದಲ್ಲಿ ಐ.ಸಿ.

ಕಾಗದಗಳು ಸುಮಾರು ಇನ್ನೂರು. ಪತ್ರ, ಟೈಪ್ ಮಾಡಿದ ಆದೇಶಗಳ ಕಾರ್ಬನ್ ಪ್ರತಿ, ಕಂದು ರಟ್ಟಿನ ಒಂದು ಸಣ್ಣ ಪುಸ್ತಕ, ಫೋಟೋಗಳು. ಕಪ್ಪು ಇಸ್ಪೀಟು ಎಕ್ಕದ ಚಿತ್ರವಿರುವ ಹಸಿರು ಬಟ್ಟೆಯ ಚೂರೊಂದೂ ಇದೆ.

ಪದಕಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅಕ್ಕಸಾಲಿಗರ ಹತ್ತಿರ ಎಲ್ಲದಕ್ಕೂ ಹೆಸರು ಕೊರೆಸಿ, ಕಾಗದಗಳನ್ನು ಲ್ಯಾಮಿನೇಟ್ ಮಾಡಿಸುವುದೆಂದು ಮನೆಯಲ್ಲಿ ಮಾತಾಗಿದೆ. ಅರ್ಧದಷ್ಟನ್ನು ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗನಿಗೆ ಕಳಿಸಬೇಕೆಂದೂ ಇದೆ. ಇದು ಸರಿಯೇ?

---

ಅಂಚಿನ_ಅಕ್ಷರ

ಹುಣಸೆಹಣ್ಣು, ಅಕ್ಕಸಾಲಿಗರು, ಲ್ಯಾಮಿನೇಶನ್, ಈ ಮೂರನ್ನೂ ಮೊದಲು ನಿಲ್ಲಿಸಿ. ಆಮೇಲೆ ಉಳಿದದ್ದು.

ಹೆಸರಿಲ್ಲದಿರುವುದು ದೋಷವಲ್ಲ. ಎರಡನೆಯ ಮಹಾಯುದ್ಧದ ನಕ್ಷತ್ರಗಳನ್ನೂ ಡಿಫೆನ್ಸ್, ವಾರ್ ಮೆಡಲ್‌ಗಳನ್ನೂ ಬ್ರಿಟನ್ ಸರ್ಕಾರ ಹೆಸರು ಕೊರೆಯದೆಯೇ ಹಂಚಿತು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಂಥ ಕೆಲವು ದೇಶಗಳು ತಮ್ಮವರ ಪದಕಕ್ಕೆ ಹೆಸರು ಹಾಕಿಸಿದವು. ಹೆಸರಿಲ್ಲದೆ ಬಂದದ್ದಕ್ಕೆ ಈಗ ಹೆಸರು ಕೊರೆಸಿದರೆ ತಿಳಿದವರ ಕಣ್ಣಿಗೆ ಅಸಲಿ ಪದಕವೇ ಅನುಮಾನದ್ದಾಗಿ ಕಾಣುತ್ತದೆ. ಅದನ್ನು ಮತ್ತೆ ಅಳಿಸುವುದೂ ಆಗದು. ಹೆಸರಿಲ್ಲದ ಪದಕ ನಿಮ್ಮ ಅಜ್ಜನದೇ ಎಂದು ಹೇಳಬಲ್ಲದ್ದು ಆ ಟ್ರಂಕಿನ ಕಾಗದಗಳು ಮಾತ್ರ. ಪದಕ ಒಬ್ಬರಿಗೆ, ಕಾಗದ ಇನ್ನೊಬ್ಬರಿಗೆ ಎಂದು ಹಂಚಿದ ದಿನವೇ ಅವು ಸಂತೆಯಲ್ಲಿ ಸಿಗುವ ಲೋಹದ ಬಿಲ್ಲೆಗಳಾಗುತ್ತವೆ.

ಬೆಳ್ಳಿಯ ಶಿಲುಬೆ ಮಿಲಿಟರಿ ಕ್ರಾಸ್. ಬಿಳಿ-ನೇರಳೆ-ಬಿಳಿ ರಿಬ್ಬನ್ ಇದ್ದರೆ, ನಡುವೆ ಜಿ.ಆರ್.ಐ. ಎಂಬ ಹೆಣೆದ ಅಕ್ಷರಗಳಿದ್ದರೆ ಆರನೆಯ ಜಾರ್ಜನ ಕಾಲದ್ದು. ಕೆಳಗಿನ ತೋಳಿನ ಹಿಂದೆ ವರ್ಷ ಮಾತ್ರ ಕೊರೆಯುವುದು ಆಗಿನ ಪದ್ಧತಿ. ಇದು ಬರಿಯ ಸೇವೆಗೆ ಸಿಗುವುದಲ್ಲ, ಶೌರ್ಯಕ್ಕೆ ಕೊಟ್ಟದ್ದು. ಅಂದರೆ ಬ್ರಿಟನ್ ಸರ್ಕಾರದ ರಾಜಪತ್ರವಾದ ಲಂಡನ್ ಗೆಜೆಟ್‌ನಲ್ಲಿ ಹೆಸರು ಇರಲೇಬೇಕು. ವಾರ್ ಮೆಡಲ್ಲಿನ ರಿಬ್ಬನ್ ಮೇಲಿನ ಕಂಚಿನ ಎಲೆ ಓಕ್ ಎಲೆ. ಸೇನಾಪತಿಯ ವರದಿಯಲ್ಲಿ ಹೆಸರು ಉಲ್ಲೇಖವಾದವರಿಗೆ ಕೊಟ್ಟದ್ದು. ಅದೂ ಗೆಜೆಟ್‌ನಲ್ಲಿರುತ್ತದೆ. ವಾರ್ ಮೆಡಲ್ಲಿನ ಹಿಂದೆ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹ ಇದೆಯೇ ನೋಡಿಕೊಳ್ಳಿ.

ತೊಡಕಿರುವುದು ಡಿಫೆನ್ಸ್ ಮೆಡಲ್ ಮತ್ತು ಇಂಡಿಯಾ ಸರ್ವಿಸ್ ಮೆಡಲ್‌ಗಳಲ್ಲಿ. ಇವೆರಡೂ ಒಬ್ಬರಿಗೇ ಸಲ್ಲುತ್ತಿರಲಿಲ್ಲ. ಇಂಡಿಯಾ ಸರ್ವಿಸ್ ಮೆಡಲ್ ಭಾರತದೊಳಗೆ ಯುದ್ಧಭೂಮಿಯಲ್ಲದ ಕಡೆ ಮೂರು ವರ್ಷ ದುಡಿದವರಿಗೆ. ಡಿಫೆನ್ಸ್ ಮೆಡಲ್ ಪಡೆದವರಿಗೆ ಅದಿಲ್ಲ. ನಿಮ್ಮ ಅಜ್ಜ 1942ರ ನಂತರ ಸೇರಿ 1944ಕ್ಕೆ ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನ್ ತಲುಪಿದ್ದರೆ ಮೂರು ವರ್ಷದ ಲೆಕ್ಕ ಕೂಡುವುದಿಲ್ಲ. ಡಿಫೆನ್ಸ್ ಮೆಡಲ್ಲಿಗಾದರೆ ತವರಿನಿಂದ ಹೊರಗೆ, ಕಾಳಗವಿಲ್ಲದ ಕಡೆ ಒಂದು ವರ್ಷ ಸಾಕು. ದಾಳಿಯ ಭೀತಿಯಿದ್ದ ಜಾಗವಾದರೆ ಆರು ತಿಂಗಳು. ಎರಡರಲ್ಲಿ ಒಂದು ಮನೆಯ ಬೇರೆ ಯಾರದೋ ಇರಬೇಕು. ಅಜ್ಜನ ತಮ್ಮಂದಿರು, ಭಾವಂದಿರು ಯಾರಾದರೂ ಸೈನ್ಯದಲ್ಲಿದ್ದರೇ ಎಂದು ಹಿರಿಯರನ್ನು ಕೇಳಿ. ಕೊಡಗಿನ ಮನೆಗಳಲ್ಲಿ ಒಂದೇ ಟ್ರಂಕಿನೊಳಗೆ ಇಬ್ಬರು ಮೂವರ ಪದಕ ಸೇರಿಕೊಂಡಿರುವುದು ಸಾಮಾನ್ಯ.

ಅಳತೆ ಹೇಳಿ. ನಕ್ಷತ್ರ ಸುಮಾರು 44 ಮಿ.ಮೀ. ಎತ್ತರ, 38 ಮಿ.ಮೀ. ಅಗಲ ಇರಬೇಕು, ದುಂಡನೆಯವು 36 ಮಿ.ಮೀ. ವ್ಯಾಸ. ನಕ್ಷತ್ರದ ಹಿಂಬದಿ ಬೋಳಾಗಿರಬೇಕು. ಅಂಚಿನಲ್ಲಿ ಎರಕದ ಗೆರೆ ಕಂಡರೆ, ವೃತ್ತದೊಳಗಿನ ಅಕ್ಷರದ ಮೂಲೆಗಳು ಕರಗಿದಂತಿದ್ದರೆ ನಕಲು.

---

ಹಾರಂಗಿ_ಹೊಳೆ

ಧನ್ಯವಾದ ಸರ್. ಅಳತೆ ಸರಿಹೊಂದಿತು. ಐದು ಪದಕ ಒಂದೇ ಪಟ್ಟಿಗೆ ಹೊಲಿದಿವೆ: ಕ್ರಾಸ್, ಎರಡು ನಕ್ಷತ್ರ, ಡಿಫೆನ್ಸ್, ವಾರ್. ಸ್ವಾತಂತ್ರ್ಯ ಪದಕ ಅದರ ಪೆಟ್ಟಿಗೆಯಲ್ಲೇ ಇದೆ. ಇಂಡಿಯಾ ಸರ್ವಿಸ್ ಮೆಡಲ್ ಬಿಡಿಯಾಗಿತ್ತು. ಅಜ್ಜನ ಅಣ್ಣ ಬೆಂಗಳೂರಿನ ಡಿಪೊ ಒಂದರಲ್ಲಿದ್ದರಂತೆ.

---

ಅಂಚಿನ_ಅಕ್ಷರ

ಹಾಗಾದರೆ ಬಿಡಿ ಪದಕ ಅಣ್ಣನದೇ ಇರಬಹುದು. ಖಚಿತವಾಗುವವರೆಗೆ ಬೇರೆ ಲಕೋಟೆಯಲ್ಲಿಟ್ಟು, ‘ಟ್ರಂಕಿನಲ್ಲಿ ಬಿಡಿಯಾಗಿ ಸಿಕ್ಕಿದ್ದು’ ಎಂದು ದಿನಾಂಕ ಹಾಕಿ ಬರೆದಿಡಿ. ಪಟ್ಟಿಯನ್ನು ಬಿಚ್ಚಬೇಡಿ. ಆ ಹೊಲಿಗೆಯೂ ಒಂದು ಸಾಕ್ಷಿ: ಈ ಐದನ್ನೂ ಒಬ್ಬರೇ ಧರಿಸುತ್ತಿದ್ದರು ಎಂದು ಅದು ಹೇಳುತ್ತದೆ.

---

ಪಾರ್ಟ್_ಟೂ_ಆರ್ಡರ್

ರೆಜಿಮೆಂಟಿನ ಗೊಂದಲಕ್ಕೆ ಉತ್ತರ. 8/19 ಹೈದರಾಬಾದ್ ಎಂದರೆ 19ನೆಯ ಹೈದರಾಬಾದ್ ರೆಜಿಮೆಂಟಿನ 8ನೆಯ ಬೆಟಾಲಿಯನ್. ಆ ರೆಜಿಮೆಂಟಿಗೆ 27 ಅಕ್ಟೋಬರ್ 1945ರಂದು ಕುಮಾಊಂ ಎಂಬ ಹೆಸರಾಯಿತು. ಎರಡೂ ಒಂದೇ. ಅದಕ್ಕೂ ಹೈದರಾಬಾದಿನ ನಿಜಾಮರ ಸೈನ್ಯಕ್ಕೂ ಗಂಟುಹಾಕಿ ಹುಡುಕಬೇಡಿ. ನಿಜಾಮರ ಪಡೆ ಬೇರೆಯೇ ಇತ್ತು. ಐ.ಇ.ಸಿ. ಎಂದರೆ ಯುದ್ಧಕಾಲದ ತುರ್ತು ಕಮಿಷನ್ (ಅಧಿಕಾರಿ ಹುದ್ದೆಗೆ ನೇಮಕ) ಪಡೆದ ಭಾರತೀಯ ಅಧಿಕಾರಿ. ಯುದ್ಧ ಮುಗಿದ ಮೇಲೆ ಖಾಯಂ ಆದವರಿಗೆ ಐ.ಸಿ. ಸಂಖ್ಯೆ ಬಂತು. ಹುಡುಕುವಾಗ ಎರಡೂ ಸಂಖ್ಯೆ ಬೇಕು, 1947ಕ್ಕೆ ಮುಂಚಿನದಕ್ಕೆ ಹಳೆಯದು, ನಂತರದ್ದಕ್ಕೆ ಹೊಸದು.

ಇಸ್ಪೀಟು ಎಕ್ಕ 25ನೆಯ ಇಂಡಿಯನ್ ಡಿವಿಜನ್ನಿನ ಗುರುತು. 8/19 ಅದರ 51ನೆಯ ಬ್ರಿಗೇಡಿನಲ್ಲಿತ್ತು. ಅರಾಕಾನ್ ಹೋರಾಟದಲ್ಲಿ ಬೆಟಾಲಿಯನ್ನಿನ ಮುಖ್ಯಸ್ಥರಾಗಿದ್ದವರು ನಿಮ್ಮ ಮಡಿಕೇರಿಯವರೇ, ಕೆ.ಎಸ್. ತಿಮ್ಮಯ್ಯ. 1945ರ ಜನವರಿ ಕೊನೆಯಲ್ಲಿ ಅರಾಕಾನಿನ ಕಾಂಗಾ ಎಂಬಲ್ಲಿ ತಿಮ್ಮಯ್ಯನವರ 8/19, ಥೋರಟ್ ಅವರ 2/2 ಪಂಜಾಬ್, ಎಲ್.ಪಿ. ಸೇನ್ ಅವರ 16/10 ಬಲೂಚ್ ಒಂದೇ ಬ್ರಿಗೇಡಿನಲ್ಲಿ ಹೋರಾಡಿದವು; ಮೂವರಿಗೂ ಡಿ.ಎಸ್.ಒ. ಎಂಬ ಸೇನಾ ಗೌರವ ಸಿಕ್ಕಿತು. ನಿಮ್ಮ ಕ್ರಾಸ್ ಮೇಲಿನ 1945ಕ್ಕೆ ಕಾಂಗಾ ಒಂದು ಒಳ್ಳೆಯ ಊಹೆ. ಊಹೆಯಷ್ಟೇ. ಕೊರೆದ ವರ್ಷ ಸಾಮಾನ್ಯವಾಗಿ ಗೆಜೆಟ್‌ನಲ್ಲಿ ಪ್ರಕಟವಾದದ್ದು. ಕಾರ್ಯ ನಡೆದದ್ದು ಹಿಂದಿನ ವರ್ಷವೂ ಇರಬಹುದು.

ಹುಡುಕುವ ಕ್ರಮ ಹೀಗಿರಲಿ.

ಮೊದಲು ಆ ಕಂದು ರಟ್ಟಿನ ಪುಸ್ತಕ. ಹೊರಗೆ ‘ಆರ್ಮಿ ಬುಕ್ 439’ ಎಂದಿದ್ದರೆ ಅದು ಅಧಿಕಾರಿಯ ಸೇವಾ ದಾಖಲೆ ಪುಸ್ತಕ. ಕಮಿಷನ್, ಬಡ್ತಿ, ತರಬೇತಿ, ವರ್ಗಾವಣೆ ಅದರಲ್ಲಿರುತ್ತವೆ. ಇದರಿಂದ ದಿನಾಂಕಗಳ ಒಂದು ಪಟ್ಟಿ ಮಾಡಿ. ಆಮೇಲೆ ಕಾರ್ಬನ್ ಪ್ರತಿಗಳಲ್ಲಿ ‘ಪಾರ್ಟ್ ಟೂ ಆರ್ಡರ್’ ಎಂಬ ತಲೆಬರಹದವನ್ನು ಬೇರೆ ಮಾಡಿ. ರಜೆ, ಆಸ್ಪತ್ರೆ, ಪಗಾರ, ಹುದ್ದೆ, ಹೀಗೆ ವ್ಯಕ್ತಿಗೆ ಸಂಬಂಧಿಸಿದ್ದೆಲ್ಲ ಅದರಲ್ಲೇ ಬರುತ್ತಿತ್ತು. ಹೆಸರಿನ ಮುಂದೆ ಎ/ ಇದ್ದರೆ ಹಂಗಾಮಿ, ಟಿ/ ಇದ್ದರೆ ತಾತ್ಕಾಲಿಕ, ಡಬ್ಲ್ಯು.ಎಸ್. ಇದ್ದರೆ ಯುದ್ಧಾವಧಿಗೆ ಖಾಯಂ. ಒಂದೇ ತಿಂಗಳಲ್ಲಿ ಒಂದು ಕಾಗದ ಮೇಜರ್ ಎಂದೂ ಇನ್ನೊಂದು ಕ್ಯಾಪ್ಟನ್ ಎಂದೂ ಬರೆಯುವುದು ಇದರಿಂದಲೇ. ಬಡ್ತಿ ಕಳೆದುಕೊಂಡರು ಎಂದು ಅರ್ಥಮಾಡಿಕೊಂಡು ಬೇಜಾರಾಗಬೇಡಿ.

ಪತ್ರಗಳ ಒಳಗೆ ಊರಿನ ಹೆಸರು ಸಿಗುವುದಿಲ್ಲ, ಸೆನ್ಸಾರ್ ಬಿಡುತ್ತಿರಲಿಲ್ಲ. ಲಕೋಟೆಯ ಮೇಲೆ ಫೀಲ್ಡ್ ಪೋಸ್ಟ್ ಆಫೀಸ್ ಸಂಖ್ಯೆಯ ಮುದ್ರೆ ಇರುತ್ತದೆ. ಆ ಸಂಖ್ಯೆ, ದಿನಾಂಕ ಎರಡೂ ಸೇರಿದರೆ ಡಿವಿಜನ್ ಎಲ್ಲಿತ್ತೆಂದು ಹೇಳಬಹುದು. ಆದ್ದರಿಂದ ಲಕೋಟೆ ಬಿಸಾಡಬೇಡಿ, ಪತ್ರದಿಂದ ಬೇರೆ ಮಾಡಲೂ ಬೇಡಿ. ಅಂಗೈಯಷ್ಟು ಅಗಲದ, ಫೋಟೋ ಕಾಗದದಂಥ ಪತ್ರಗಳಿದ್ದರೆ ಅವು ಏರ್‌ಗ್ರಾಫ್: ಬರೆದ ಹಾಳೆಯನ್ನು ಮೈಕ್ರೋಫಿಲ್ಮ್ ಮಾಡಿ ವಿಮಾನದಲ್ಲಿ ಕಳಿಸಿ, ತಲುಪಿದ ಕಡೆ ಮತ್ತೆ ಮುದ್ರಿಸಿದ್ದು. ಅವನ್ನು ಕಾಗದದಂತಲ್ಲ, ಫೋಟೋದಂತೆ ನೋಡಿಕೊಳ್ಳಬೇಕು.

ಹೊರಗಿನ ದಾಖಲೆಗೆ: ಲಂಡನ್ ಗೆಜೆಟ್ ಅಂತರ್ಜಾಲದಲ್ಲಿ ಉಚಿತ. ಆದರೆ ಅದರ ಹುಡುಕು ಕೊಡಗಿನ ಹೆಸರುಗಳನ್ನು ಓದುವುದರಲ್ಲಿ ಸೋಲುತ್ತದೆ, ಮನೆತನದ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಬರೀ ಇನಿಶಿಯಲ್. ಸಂಖ್ಯೆಯನ್ನೇ ಹಾಕಿ ಹುಡುಕಿ. ಮಿಲಿಟರಿ ಕ್ರಾಸ್‌ನ ಶಿಫಾರಸು ಪತ್ರಗಳು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯು.ಒ. 373 ಸರಣಿಯಲ್ಲಿವೆ. ಏನು ಮಾಡಿದ್ದಕ್ಕೆ ಕೊಟ್ಟರು ಎಂಬುದು ಅದರಲ್ಲಿ ಮೇಲಧಿಕಾರಿಯ ಮಾತಿನಲ್ಲಿರುತ್ತದೆ. ಓಕ್ ಎಲೆಗೆ ಅಂಥ ವಿವರ ಸಾಮಾನ್ಯವಾಗಿ ಸಿಗುವುದಿಲ್ಲ, ಹೆಸರಿನ ಪಟ್ಟಿ ಮಾತ್ರ. ಬೆಟಾಲಿಯನ್ನಿನ ಯುದ್ಧ ದಿನಚರಿ ಅಲ್ಲೇ ಡಬ್ಲ್ಯು.ಒ. 172 ಸರಣಿಯಲ್ಲಿ ಹುಡುಕಬೇಕು. ಪ್ರತಿ ತೆಗೆಸುವಾಗ ಅನುಬಂಧಗಳನ್ನೂ ಕೇಳಿ; ಅಧಿಕಾರಿಗಳ ಫೀಲ್ಡ್ ರಿಟರ್ನ್ ಇದ್ದರೆ ಆ ವಾರ ಬೆಟಾಲಿಯನ್ನಿನಲ್ಲಿ ಯಾರಿದ್ದರು, ಯಾರು ರಜೆಯಲ್ಲಿದ್ದರು ಎಂಬುದು ಸಿಗುತ್ತದೆ.

1947ರ ನಂತರವೂ ಭಾರತೀಯ ಸೇನೆಯಲ್ಲಿ ಉಳಿದವರ ವೈಯಕ್ತಿಕ ಕಡತಕ್ಕೆ ದೆಹಲಿಯ ಸೇನಾ ಪ್ರಧಾನ ಕಚೇರಿಗೇ ಬರೆಯಬೇಕು. ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆದರೆ ವಾಪಸ್ ಬರುತ್ತದೆ, ಅದು ಜವಾನರ, ಜೆ.ಸಿ.ಒ.ಗಳ (ಜೂನಿಯರ್ ಕಮಿಷನ್ಡ್ ಆಫೀಸರ್‌ಗಳ) ದಾಖಲೆಗೆ. ಮಾಹಿತಿ ಹಕ್ಕು ಅರ್ಜಿಯಾದರೆ 10 ರೂಪಾಯಿ ಶುಲ್ಕ. 20 ವರ್ಷಕ್ಕೂ ಹಿಂದಿನ ಮಾಹಿತಿಗೆ ಕಲಂ 8(3) ಅನುಕೂಲ ಮಾಡುತ್ತದೆ, ಅದನ್ನು ಅರ್ಜಿಯಲ್ಲೇ ಉಲ್ಲೇಖಿಸಿ. ಎರಡೂ ಸಂಖ್ಯೆ, ಕಮಿಷನ್ ದಿನಾಂಕ, ನಿವೃತ್ತಿ ದಿನಾಂಕ, ಪಿಂಚಣಿ ಆದೇಶದ ಸಂಖ್ಯೆ, ವಾರಸುದಾರಿಕೆಯ ಪುರಾವೆ ಸೇರಿಸಿ. ಹಳೆಯ ಕಡತಗಳು ಅವಧಿ ಮುಗಿದು ನಾಶವಾಗಿರುವುದೂ ಉಂಟು. ಹಾಗಿದ್ದರೆ ನಾಶಪಡಿಸಿದ ನಮೂದಿನ ಪ್ರತಿ ಕೊಡಿ ಎಂದು ಅದೇ ಅರ್ಜಿಯಲ್ಲಿ ಕೇಳಿಬಿಡಿ, ಇನ್ನೊಂದು ಸುತ್ತು ತಪ್ಪುತ್ತದೆ.

---

ವಿಭೂತಿ_ಪಾಟೀಲ

ಬೆಳ್ಳಿ ಕ್ರಾಸಿಗೆ ವಿಭೂತಿ ಹಚ್ಚಿ ಒರೆಸಿದ್ರ ಲಕಲಕ ಹೊಳೀತದ. ದೇವರ ಸಾಮಾನಿಗೆ ಅದನ್ನೇ ಮಾಡ್ತೀವಲ್ರಿ, ಏನಾಗೂದಿಲ್ಲ.

---

ಬೂಷ್ಟು_ವೈರಿ

ಪಾಟೀಲರೇ, ದೇವರ ತಟ್ಟೆ ದಪ್ಪ ಇರುತ್ತದೆ, ಸವೆದರೂ ತಿಳಿಯುವುದಿಲ್ಲ. ಈ ಕ್ರಾಸಿನ ಮೇಲೆ ಕಿರೀಟ, ಹೆಣೆದ ಅಕ್ಷರ, ಹಿಂದೆ ತೆಳುವಾಗಿ ಕೊರೆದ ವರ್ಷ ಇದೆ. ವಿಭೂತಿ ಎಷ್ಟು ನಯವಾಗಿದ್ದರೂ ಉಜ್ಜುವ ಪುಡಿಯೇ. ಹತ್ತು ಸಲ ಉಜ್ಜಿದರೆ ಮೊದಲು ಹೋಗುವುದು ಆ 1945. ಬೆಳ್ಳಿಯ ಕಪ್ಪು ಹಾಗೇ ಇರಲಿ, ಅದು ಲೋಹವನ್ನು ತಿನ್ನುವುದಿಲ್ಲ.

ಹುಣಸೆಹಣ್ಣಿನ ಕಥೆ ಇನ್ನೂ ಕೆಟ್ಟದ್ದು. ನಕ್ಷತ್ರಗಳು ತಾಮ್ರ-ಸತುವಿನ ಮಿಶ್ರಲೋಹ. ಹುಳಿ ತಾಗಿದರೆ ಮೇಲ್ಪದರದ ಸತು ಕರಗಿ ಹೋಗಿ ಗುಲಾಬಿ ಬಣ್ಣದ ತಾಮ್ರ ಉಳಿಯುತ್ತದೆ. ಆ ಬಣ್ಣ ಹಿಂದಕ್ಕೆ ಬರುವುದಿಲ್ಲ. ಅಂಗಡಿಯ ಬ್ರಾಸೋ, ಪೀತಾಂಬರಿ, ಹಲ್ಲುಜ್ಜುವ ಪೇಸ್ಟು ಯಾವುದೂ ಬೇಡ. ಪಟ್ಟಿಗೆ ಹೊಲಿದ ಪದಕಕ್ಕೆ ನೀರನ್ನಂತೂ ತಾಗಿಸಲೇಬೇಡಿ, ರಿಬ್ಬನ್ನಿನ ಕೆಂಪು ಪಕ್ಕದ ಬಿಳಿಗೆ ಹರಿಯುತ್ತದೆ.

ಮಾಡಬೇಕಾದ್ದು ಇಷ್ಟೇ. ಕೈಗೆ ನೈಟ್ರೈಲ್ ಗ್ಲೌಸ್, ಬೆವರಿನ ಉಪ್ಪಿನಿಂದಲೇ ಬೆರಳಚ್ಚು ಲೋಹದಲ್ಲಿ ಕೂರುತ್ತದೆ. ಮೆತ್ತನೆಯ ಚಿತ್ರಕಾರರ ಬ್ರಷ್ಷಿನಿಂದ ಧೂಳು. ಹಸಿರು ಕಿಲುಬು ಇದ್ದರೆ ಎರಡು ಜಾತಿ ಗುರುತಿಸಿ: ಮೇಣದಂತೆ ಅಂಟಂಟಾಗಿದ್ದರೆ ಹಳೆಯ ಪಾಲಿಶ್, ಕೊಬ್ಬು ಲೋಹದೊಡನೆ ಸೇರಿ ಆದದ್ದು, ಬಿದಿರಿನ ಹಲ್ಲುಕಡ್ಡಿಯಿಂದ ಎಬ್ಬಿಸಿ, ಉಳಿದದ್ದನ್ನು ಕಿವಿಕಡ್ಡಿಯ ತುದಿಗೆ ಒಂದು ಹನಿ ಅಸಿಟೋನ್ ತಾಗಿಸಿ ಒರೆಸಬಹುದು, ರಿಬ್ಬನ್ನಿಗೆ ತಾಗದಂತೆ. ತಿಳಿಹಸಿರು ಪುಡಿಯಾಗಿ ಉದುರುತ್ತಿದ್ದರೆ, ಒರೆಸಿದ ಮೇಲೂ ವಾರದೊಳಗೆ ಮತ್ತೆ ಬಂದರೆ, ಅದು ಕ್ಲೋರೈಡಿನ ರೋಗ. ಅದನ್ನು ಮನೆಯಲ್ಲಿ ಮುಟ್ಟಬೇಡಿ. ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಅಥವಾ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ (ಪರಂಪರೆ ಉಳಿಸುವ ಸಂಸ್ಥೆ) ಸಂರಕ್ಷಣಾ ಕೇಂದ್ರದವರನ್ನು ಕೇಳಿ.

ಇಡುವಾಗ ಪಿ.ವಿ.ಸಿ. ಪೌಚ್ ಬೇಡ. ಹೊಸ ಮಳೆಕೋಟಿನ ವಾಸನೆ ಬರುವ ಮೆತ್ತನೆಯ ಪ್ಲಾಸ್ಟಿಕ್ ಅಂದರೆ ಅದೇ. ಅದರಿಂದ ಒಸರುವ ಎಣ್ಣೆ ಮತ್ತು ಆಮ್ಲ ಲೋಹವನ್ನೂ ರಿಬ್ಬನ್ನನ್ನೂ ಕೆಡಿಸುತ್ತವೆ. ಪಾಲಿಪ್ರೊಪಿಲೀನ್ ಡಬ್ಬ, ಒಳಗೆ ಚೆನ್ನಾಗಿ ಒಗೆದ ಬಿಳಿ ಹತ್ತಿ ಬಟ್ಟೆ ಸಾಕು. ಉಣ್ಣೆಯ ಬಟ್ಟೆ ಗಂಧಕ ಬಿಟ್ಟು ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಪ್ಲೈವುಡ್ ಫ್ರೇಮು ಆಮ್ಲದ ಆವಿ ಬಿಡುತ್ತದೆ. 10 ಲೀಟರಿನ ಬಿಗಿಮುಚ್ಚಳದ ಡಬ್ಬಕ್ಕೆ 200 ಗ್ರಾಂ ಸಿಲಿಕಾ ಜೆಲ್, ಬಣ್ಣ ಬದಲಾಗುವ ಜಾತಿಯದು. ಕಿತ್ತಳೆ ಬಣ್ಣ ಹಸಿರಾದಾಗ ಓವನ್ನಿನಲ್ಲಿ ಸುಮಾರು 110 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಪಟ್ಟಿಯ ಹಿಂದಿನ ಉಕ್ಕಿನ ಪಿನ್ ತುಕ್ಕು ಹಿಡಿದಿದ್ದರೆ ಅದಕ್ಕೂ ರಿಬ್ಬನ್ನಿಗೂ ನಡುವೆ ಪಾಲಿಯೆಸ್ಟರ್ ಹಾಳೆಯ ಚೂರು ತೂರಿಸಿ.

ಕಾಗದದ ಡಬ್ಬಕ್ಕೆ ಮಾತ್ರ ಇಷ್ಟು ಜೆಲ್ ಹಾಕಬೇಡಿ, ಅತಿಯಾಗಿ ಒಣಗಿದರೆ ಮಡಿಕೆಯಲ್ಲಿ ಮುರಿಯುತ್ತದೆ. ಕಾಗದಕ್ಕೆ 45ರಿಂದ 55 ಶೇಕಡ ತೇವ ಹಿತ. 65 ದಾಟಿದರೆ ಬೂಷ್ಟು ಶುರು. ಮಡಿಕೇರಿಯ ಜುಲೈನಲ್ಲಿ ಆ ಮಾತೇ ಬೇಡ. ಆದ್ದರಿಂದ ಟ್ರಂಕು ಬಿಚ್ಚಿ ಕೆಲಸ ಮಾಡುವುದನ್ನು ಜನವರಿಯಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ. ಈಗಾಗಲೇ ಬೂಷ್ಟಿದ್ದರೆ ಹಸಿಯಾಗಿ ಒರೆಸಬೇಡಿ, ಒಳಕ್ಕೆ ಇಳಿಯುತ್ತದೆ. ನೆರಳಿನಲ್ಲಿ ಗಾಳಿಗೆ ಒಣಗಿಸಿ, ಎನ್-95 ಮಾಸ್ಕ್ ಹಾಕಿ, ಮನೆಯ ಹೊರಗೆ ಮೆತ್ತನೆಯ ಬ್ರಷ್ಷಿನಿಂದ ನಿಮ್ಮಿಂದ ಆಚೆಗೆ ತಳ್ಳಿ. ಹಪ್ಪಳದ ಹಾಗೆ ಬಿಸಿಲಿಗೆ ಹರಡಿದರೆ ಮಸಿ ಮಾಸುತ್ತದೆ.

ಹುಳು ಕಂಡರೆ ನುಸಿಗುಳಿಗೆ ಬೇಡ. ಅದರ ಆವಿ ಫೋಟೋ, ಪ್ಲಾಸ್ಟಿಕ್ ಎರಡಕ್ಕೂ ಕೂರುತ್ತದೆ. ತಾಳೆಗರಿಗೆ ಹಚ್ಚುವ ನಿಂಬೆಹುಲ್ಲಿನ ಎಣ್ಣೆಯನ್ನು ಕಾಗದಕ್ಕೆ ಹಚ್ಚುವವರೂ ಇದ್ದಾರೆ, ಎಣ್ಣೆಯ ಕಲೆ ಶಾಶ್ವತ. ಕಾಗದದ ಕಟ್ಟನ್ನು ಎರಡು ಪದರ ಪಾಲಿಥೀನಿನಲ್ಲಿ ಗಾಳಿ ತೆಗೆದು ಬಿಗಿದು, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಕಟ್ಟು ಬಿಚ್ಚಬಾರದು, ಬಿಚ್ಚಿದರೆ ತಂಪು ಕಾಗದದ ಮೇಲೆ ನೀರು ಕೂರುತ್ತದೆ. ಫೋಟೋಗಳನ್ನೂ ಏರ್‌ಗ್ರಾಫ್‌ಗಳನ್ನೂ ಇದಕ್ಕೆ ಸೇರಿಸಬೇಡಿ.

ತುಕ್ಕು ಹಿಡಿದ ಗುಂಡುಸೂಜಿ ಎಳೆಯಬೇಡಿ. ಸೂಜಿಗೂ ಹಾಳೆಗೂ ನಡುವೆ ಪಾಲಿಯೆಸ್ಟರ್ ಚೂರು ತೂರಿಸಿ, ಹಾಳೆಯನ್ನು ಒತ್ತಿಹಿಡಿದು ಸೂಜಿಯನ್ನು ಸಣ್ಣಗೆ ತಿರುಗಿಸಿದರೆ ಬಿಡುತ್ತದೆ. ಹಳೆಯ ಸೆಲೋಟೇಪ್ ಕಿತ್ತರೆ ಅಕ್ಷರವೂ ಅದರ ಜೊತೆ ಬರುತ್ತದೆ, ಹಾಗೇ ಬಿಡಿ. ಲ್ಯಾಮಿನೇಶನ್ನಿನಲ್ಲಿ ಬಿಸಿ, ಅಂಟು ಎರಡೂ ಕಾಗದದೊಳಗೆ ಹೋಗುತ್ತವೆ. ಯುದ್ಧಕಾಲದ ಅಗ್ಗದ ಕಾಗದದಲ್ಲಿ ಮೊದಲೇ ಆಮ್ಲ ಇರುತ್ತದೆ. ಅದನ್ನು ಒಳಗೇ ಮುಚ್ಚಿಟ್ಟಂತಾಗುತ್ತದೆ, ಬಿಡಿಸಲೂ ಆಗದು. ಪ್ರತಿ ಹಾಳೆಯನ್ನು ಮಡಿಕೆ ಬಿಡಿಸಿ, ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿ ಚಪ್ಪಟೆಯಾಗಿ ಇಡಿ. ಕಾರ್ಬನ್ ಪ್ರತಿಗಳು ಪಕ್ಕದ ಹಾಳೆಗೆ ಮಸಿ ಬಿಡುತ್ತವೆ, ಅವಕ್ಕೆ ಬೇರೆ ಫೋಲ್ಡರ್.

---

ಹಾರಂಗಿ_ಹೊಳೆ

ಸ್ಕ್ಯಾನ್ ಎಷ್ಟರಲ್ಲಿ ಮಾಡಲಿ? ಅಮೆರಿಕದ ವಿಷಯವೂ ಹೇಳಿ.

---

ಪಾರ್ಟ್_ಟೂ_ಆರ್ಡರ್

ಕಾಗದಕ್ಕೆ 400 ಡಿ.ಪಿ.ಐ., ಫೋಟೋ ಮತ್ತು ಏರ್‌ಗ್ರಾಫ್‌ಗೆ 600ಕ್ಕೆ ಕಡಿಮೆ ಬೇಡ, ಬಣ್ಣದಲ್ಲಿ, ಟಿಫ್ ಕಡತವಾಗಿ. ಖಾಲಿ ಕಂಡರೂ ಹಿಂಬದಿಯನ್ನು ಬಿಡಬೇಡಿ, ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದ ಎರಡು ಅಕ್ಷರವೇ ಕೆಲವೊಮ್ಮೆ ಎಲ್ಲವನ್ನೂ ಹೇಳುತ್ತದೆ. ತಾಳೆ ಹಾಕುವ ಮೊದಲು ಟ್ರಂಕಿನಲ್ಲಿದ್ದ ಕ್ರಮದಲ್ಲೇ ಒಂದು, ಎರಡು ಎಂದು ಸಂಖ್ಯೆ ಕೊಡಿ. ದಿನಾಂಕದ ಪ್ರಕಾರ ಜೋಡಿಸುವುದು ಕಂಪ್ಯೂಟರಿನಲ್ಲಿ ಮಾತ್ರ. ಹಾಳೆಯ ಮೇಲೆ ಏನಾದರೂ ಬರೆಯಲೇಬೇಕೆಂದರೆ ಮೂಲೆಯಲ್ಲಿ 2ಬಿ ಪೆನ್ಸಿಲ್.

ಅಮೆರಿಕಕ್ಕೆ ಸ್ಕ್ಯಾನ್ ಕಳಿಸಿ, ಮೂಲ ಬೇಡ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಐತಿಹಾಸಿಕ ಮೌಲ್ಯದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ತುಂಬಿದರೆ ಅವು ಪ್ರಾಚ್ಯವಸ್ತು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಬೇರೆ ವಸ್ತುಗಳಿಗೆ ಮಿತಿ 100 ವರ್ಷ. ಅಂದರೆ 1945ರ ಪದಕ ಇನ್ನೂ ಆ ಗೆರೆಯ ಈಚೆ ಇದೆ, 1945ರ ಪತ್ರ ಆಚೆ ದಾಟಿಯಾಗಿದೆ. ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವಾಗ ಯಾರಿಗೂ ಇದು ನೆನಪಾಗುವುದಿಲ್ಲ, ಕಸ್ಟಮ್ಸ್‌ನವರಿಗೆ ನೆನಪಾಗಬಹುದು. ‘ಗುಪ್ತ’ ಎಂಬ ಮುದ್ರೆಯಿರುವ ಕಾಗದ, ನಕಾಶೆ ಇದ್ದರೆ ಅಂತರ್ಜಾಲದಲ್ಲಿ ಹಾಕುವ ಮೊದಲು ತಿಳಿದವರಿಗೆ ತೋರಿಸಿ.

---

ಅಂಚಿನ_ಅಕ್ಷರ

ಮನೆಯಲ್ಲಿ ಇಡಲಾಗದು ಎನಿಸಿದರೆ ನಿಮ್ಮ ಊರಿನಲ್ಲೇ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯ, ಅವರ ಮನೆ ಸನ್ನಿ ಸೈಡ್, 2021ರಿಂದ ತೆರೆದಿದೆ. ಅವರ ಬೆಟಾಲಿಯನ್ನಿನ ಅಧಿಕಾರಿಯೊಬ್ಬರ ಕಾಗದ ಅಂದರೆ ಕೇಳಿ ನೋಡಬೇಕಾದ ಮೊದಲ ಜಾಗ ಅದೇ. ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ನಿನಲ್ಲೂ ಮಿಲಿಟರಿ ಇತಿಹಾಸದ ಕೇಂದ್ರವಿದೆ. ಯಾರಿಗೆ ಕೊಟ್ಟರೂ ಬಾಯಿಮಾತಿನಲ್ಲಿ ಬೇಡ. ದಾನವೋ ಎರವಲೋ, ಪದಕ ಮತ್ತು ಕಾಗದ ಬೇರೆಯಾಗಬಾರದು, ಪ್ರದರ್ಶನದಲ್ಲಿಲ್ಲದಾಗ ಎಲ್ಲಿರುತ್ತದೆ, ಬೇಡವಾದರೆ ಯಾರಿಗೆ ಹಿಂತಿರುಗಿಸಬೇಕು, ಈ ನಾಲ್ಕನ್ನು ಬರೆಸಿಕೊಳ್ಳಿ. ಪ್ರತಿ ವಸ್ತುವಿನ ಫೋಟೋ ಸಹಿತ ಪಟ್ಟಿಗೆ ಎರಡೂ ಕಡೆಯವರ ಸಹಿ ಇರಲಿ. ಕ್ರಾಸಿನ ಫೋಟೋದಲ್ಲಿ ಹಿಂಬದಿಯ ವರ್ಷ ಸ್ಪಷ್ಟವಾಗಿ ಕಾಣಬೇಕು. ದೀಪವನ್ನು ಪಕ್ಕದಿಂದ, ಮಟ್ಟಸವಾಗಿ ಹಿಡಿದರೆ ಕೊರೆದ ಗೆರೆ ಏಳುತ್ತದೆ.

---

ಹಾರಂಗಿ_ಹೊಳೆ

ಕಂದು ಪುಸ್ತಕದ ಮೇಲೆ ‘ಆರ್ಮಿ ಬುಕ್ 439’ ಅಂತಲೇ ಇದೆ. ಕಮಿಷನ್ ದಿನಾಂಕ 1942ರ ಅಕ್ಟೋಬರ್. 1943ರ ಪುಟಗಳು ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಲೇ?

---

ಬೂಷ್ಟು_ವೈರಿ

ಬೇಡ. ಚಾಕು, ಆವಿ ಎರಡೂ ಬೇಡ. ಅಂಟಿರುವುದು ಬೂಷ್ಟಿನಿಂದಲೋ ಮಸಿಯಿಂದಲೋ ಗೋಂದಿನಿಂದಲೋ ನೋಡದೆ ಬಿಡಿಸುವ ದಾರಿ ಹೇಳಲಾಗದು. ಎರಡು ಹಲಗೆ ರಟ್ಟಿನ ನಡುವೆ ಇಟ್ಟು, ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿ ಮೈಸೂರಿಗೆ ಒಯ್ಯಿರಿ. ರಬ್ಬರ್ ಬ್ಯಾಂಡ್ ಹಾಕಬೇಡಿ.